ಬಾಡಿಗೆ ಮನೆಯ ಹೀಟರ್ ರಾಡ್: ದೋಷ ಹುಡುಕುವುದು ಗೋಡೆಯಿಂದ

ದೀಪಾವಳಿ ಕಳೆದು ಕಲಬುರಗಿಯಲ್ಲಿ ಬೆಳಗಿನ ಚಳಿ ಹಿಡಿಯಿತೆಂದರೆ ನನ್ನ ಅಂಗಡಿಗೆ ಕೂಲರ್ ಮೋಟರ್ ಬರುವುದು ನಿಂತು ಹೀಟರ್ ರಾಡ್ ಬರತೊಡಗುತ್ತವೆ. ತರುವವರು ಬಹುತೇಕ ಬಾಡಿಗೆ ಮನೆಯವರು. ಖೋಲಿ ಹಿಡಿದು ಓದುವ ಹುಡುಗರು, ದವಾಖಾನೆಯಲ್ಲಿ ಡ್ಯೂಟಿ ಮಾಡುವ ನರ್ಸಮ್ಮಂದಿರು, ಯಾದಗಿರಿ ಕಡೆಯಿಂದ ವರ್ಗವಾಗಿ ಬಂದ ಮೇಷ್ಟ್ರು. ಸ್ವಂತ ಮನೆ ಇದ್ದವರು ಗೀಸರ್ ಹಾಕಿಸಿಕೊಂಡಿರುತ್ತಾರೆ, ಇಲ್ಲವೆ ಮಾಳಿಗೆ ಮೇಲೆ ಸೋಲಾರ್ ಇರುತ್ತದೆ. ಇಂದು ಈ ಓಣಿ, ನಾಳೆ ಇನ್ನೊಂದು ಓಣಿ ಎನ್ನುವವರಿಗೆ ಚೀಲದಲ್ಲಿ ಹಾಕಿಕೊಂಡು ಹೋಗುವ ರಾಡೇ ಅನುಕೂಲ. "ಅಣ್ಣಾ, ರಾಡ್ ಕೆಟ್ಟದ ನೋಡ್ರಿ" ಅನ್ನುತ್ತಾರೆ. ನನ್ನ ಟೇಬಲ್ ಮೇಲೆ ಹಚ್ಚಿ ನೋಡಿದರೆ ಎಷ್ಟೋ ರಾಡ್ ನೆಟ್ಟಗೇ ಇರುತ್ತವೆ. ದೋಷ ಇರುವುದು ಅವರ ಮನೆಯ ಗೋಡೆಯಲ್ಲಿ. ಅದಕ್ಕೇ ಹೇಳುತ್ತೇನೆ, ಹುಡುಕಾಟ ಗೋಡೆಯ ಬೋರ್ಡಿನಿಂದ ಶುರುವಾಗಲಿ, ನೀರಿನವರೆಗೆ ಒಂದೊಂದೇ ಹೆಜ್ಜೆ ಬರಲಿ. ಹೊಸ ರಾಡಿಗೆ ದುಡ್ಡು ಕೊಡುವುದು ಆಮೇಲಿನ ಮಾತು.

ಅದಕ್ಕೂ ಮೊದಲು ಪ್ರಾಣದ ಮಾತು. ರಾಡ್ ನೀರಿನಲ್ಲಿದ್ದು ಪ್ಲಗ್ ಬೋರ್ಡಿನಲ್ಲಿ ಇರುವಷ್ಟು ಹೊತ್ತು ಆ ನೀರಿಗೆ, ಬಕೆಟಿಗೆ, ರಾಡಿಗೆ ಯಾರ ಕೈಯೂ ತಾಗಬಾರದು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಹೊರಗೆ ಬಂದಿರಬೇಕು. ಸ್ವಿಚ್ ಕೂರಬೇಕಾದ್ದು ಕರೆಂಟ್ ಹೊತ್ತು ತರುವ ಫೇಸ್ ತಂತಿಯಲ್ಲಿ, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ತಂತಿಯಲ್ಲಲ್ಲ. ಹಳೆಯ ಮನೆಗಳಲ್ಲಿ, ಅದರಲ್ಲೂ ಒಂದು ದೊಡ್ಡ ಖೋಲಿಗೆ ನಡುವೆ ಗೋಡೆ ಎತ್ತಿ ಎರಡು ಬಾಡಿಗೆ ಮಾಡಿದ ಕಡೆ, ತಂತಿ ಅದಲುಬದಲಾಗಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಗ ಸ್ವಿಚ್ ಆಫ್ ಮಾಡಿದರೆ ರಾಡ್ ಕಾಯುವುದು ನಿಲ್ಲುತ್ತದೆ, ಆದರೆ ಫೇಸ್ ಮಾತ್ರ ರಾಡಿನೊಳಗೆ ಹಾಗೇ ನಿಂತಿರುತ್ತದೆ. ರಾಡಿನಲ್ಲಿ ಸ್ವಲ್ಪ ಲೀಕೇಜ್ ಇದ್ದರೂ "ಆಫ್ ಮಾಡೀನಲ್ಲ" ಎಂದು ನೀರು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ನಿಮ್ಮ ಬೋರ್ಡ್ ಹೀಗಿದೆಯೇ ಎಂದು ನೋಡಲು ಒಂದು ಟೆಸ್ಟರ್ ಸಾಕು. ರಾಡ್ ಕಿತ್ತಿಟ್ಟು, ಕಾಲಿಗೆ ಒಣ ರಬ್ಬರ್ ಚಪ್ಪಲಿ ಹಾಕಿಕೊಂಡು, ಒಣ ಕೈಯಿಂದ ಪರೀಕ್ಷಿಸಿ. ಮೂರು ತೂತಿನ ಸಾಕೆಟ್ಟಿನ ಎದುರು ನಿಂತರೆ ಮೇಲಿನ ದೊಡ್ಡ ತೂತು ಅರ್ಥಿಂಗ್, ಕೆಳಗೆ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಸ್ವಿಚ್ ಆನ್ ಇದ್ದಾಗ ಬಲಗಡೆ ಮಾತ್ರ ಟೆಸ್ಟರ್ ಹೊಳೆಯಬೇಕು. ಆಫ್ ಮಾಡಿದ ಮೇಲೆ ಎಲ್ಲಿಯೂ ಹೊಳೆಯಬಾರದು. ಆಫ್ ಆದಮೇಲೂ ಯಾವುದಾದರೂ ತೂತಿನಲ್ಲಿ ಹೊಳೆಯಿತೆಂದರೆ ತಂತಿ ತಿರುವುಮುರುವಾಗಿದೆ, ವೈರ್‌ಮನ್ ಬಂದು ಸರಿಮಾಡುವವರೆಗೆ ಆ ಬೋರ್ಡಿಗೆ ರಾಡ್ ಹಚ್ಚಬೇಡಿ. ಕೆಲವು ಹೊಸ ಸಾಕೆಟ್ಟಿನ ಕೆಳಗಿನ ತೂತುಗಳಿಗೆ ಒಳಗಿನಿಂದ ಮುಚ್ಚಳ ಇರುತ್ತದೆ, ಟೆಸ್ಟರ್ ಹೋಗುವುದಿಲ್ಲ. ಅದನ್ನು ಎಬ್ಬಲು ಮೇಲಿನ ತೂತಿಗೆ ಮೊಳೆ, ಕಡ್ಡಿ ತುರುಕಬೇಡಿ. ಅಂಥ ಸಾಕೆಟ್ ಪರೀಕ್ಷೆ ವೈರ್‌ಮನ್‌ಗೇ ಬಿಡಿ.

"ನೀರು ಕಾಯವಲ್ದು"

ಅರ್ಧ ತಾಸಾದರೂ ನೀರು ತಣ್ಣಗೇ ಇದ್ದರೆ, ರಾಡ್ ಹಚ್ಚುತ್ತಿದ್ದ ಅದೇ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಚ್ಚಿ ನೋಡಿ. ಮೊಬೈಲ್ ಚಾರ್ಜರ್ ಹಚ್ಚಿ "ಕರೆಂಟ್ ಬರ್ತದ" ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಟೆಸ್ಟರ್ ಹೊಳೆದದ್ದನ್ನೂ ನಂಬುವಂತಿಲ್ಲ. ಒಳಗೆ ಸ್ಕ್ರೂ ಸಡಿಲಾಗಿದ್ದರೂ, ಪತ್ತಿ ಸುಟ್ಟಿದ್ದರೂ ಚಾರ್ಜರಿಗೆ ಸಾಕಾಗುವಷ್ಟು ಕರೆಂಟ್ ದಾಟಿ ಬರುತ್ತದೆ, ರಾಡಿಗೆ ಬೇಕಾದಷ್ಟು ಬರುವುದಿಲ್ಲ. ಸಾದಾ ಇಸ್ತ್ರಿ ಪೆಟ್ಟಿಗೆ 750 ಇಲ್ಲವೆ 1000 ವ್ಯಾಟ್ ಎಳೆಯುತ್ತದೆ. ಅದು ಚೆನ್ನಾಗಿ ಬಿಸಿಯಾದರೆ ಬೋರ್ಡ್ ಸರಿಯಿದೆ, ಮುಂದೆ ರಾಡ್ ನೋಡಬಹುದು. ಬಿಸಿಯಾಗದಿದ್ದರೆ, ಅಥವಾ ಬಿಸಿಯಾಗುತ್ತ ಬೋರ್ಡಿನೊಳಗೆ ಚಿಟಿಚಿಟಿ ಸದ್ದು ಬಂದರೆ, ರಾಡ್ ಹಿಡಿದು ಅಂಗಡಿಗೆ ಓಡುವ ಅಗತ್ಯವಿಲ್ಲ.

ಇಂಥ ಒಂದು ಬೋರ್ಡನ್ನು ಹೋದ ಚಳಿಗಾಲದಲ್ಲಿ ಇಬ್ಬರು ವಿದ್ಯಾರ್ಥಿಗಳ ಖೋಲಿಯಲ್ಲಿ ಬಿಚ್ಚಿದೆ. ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ಖಾತ್ರಿ ಮಾಡಿಕೊಂಡು ಪ್ಲೇಟ್ ಎಳೆದೆ. ಮೊದಲು ಬಂದದ್ದು ಸುಟ್ಟ ವಾಸನೆ. ಬಲಗಡೆ ತೂತಿನ ಹಿಂದಿನ ಹಿತ್ತಾಳೆ ಪತ್ತಿ ನೀಲಿಗಪ್ಪಾಗಿ ಬಾಯಿ ಬಿಟ್ಟಿತ್ತು, ಪ್ಲಗ್ಗಿನ ಪಿನ್ ಹಿಡಿಯುವ ಬಿಗಿಯೇ ಅದರಲ್ಲಿ ಉಳಿದಿರಲಿಲ್ಲ. ಅಲ್ಲಿಗೆ ಬಂದಿದ್ದ ಕೆಂಪು ತಂತಿಯ ಮೇಲ್ಹೊದಿಕೆ ಬೆರಳು ತಾಗಿದ್ದೇ ಸುಟ್ಟ ಹಪ್ಪಳದಂತೆ ಪುಡಿಯಾಯಿತು. ಹುಡುಗರ ರಾಡ್ 1500 ವ್ಯಾಟಿನದು, ಸಾಕೆಟ್ 6 ಆಂಪಿಯರಿನ ಸಣ್ಣದು. ದೊಡ್ಡ ಪ್ಲಗ್ ಸಣ್ಣ ತೂತಿಗೆ ಹೋಗದೆಂದು ನಡುವೆ ಒಂದು ಕನ್ವರ್ಟರ್ ಸಿಕ್ಕಿಸಿದ್ದರು. ಮೊದಲ ವಾರ ನೀರು ಚೆನ್ನಾಗಿ ಕಾದಿದೆ, ಆಮೇಲೆ ತಡವಾಗಿ ಕಾದಿದೆ, ಕೊನೆಗೆ ಕಾಯುವುದೇ ನಿಂತಿದೆ. ರಾಡ್ ಹೊಸದೇ ಇತ್ತು, ಕೆಡುಕೇನೂ ಇರಲಿಲ್ಲ.

ಲೆಕ್ಕ ಸರಳ. ರಾಡ್ ಮೇಲೆ ಬರೆದ ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸಿಗುತ್ತದೆ. 1000 ವ್ಯಾಟಿಗೆ 4.3, 1500ಕ್ಕೆ 6.5, 2000ಕ್ಕೆ 8.7. ಅಂದರೆ 1500 ಮತ್ತು 2000ದ ರಾಡಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು, ಅದರ ಹಿಂದೆ ದಪ್ಪ ತಂತಿಯೂ ಬೇಕು. ನೀವು ಹಿಡಿದ ಖೋಲಿಯಲ್ಲಿ ಸಣ್ಣ ಸಾಕೆಟ್ ಬಿಟ್ಟರೆ ಬೇರೇನೂ ಇಲ್ಲವೇ? 1000 ವ್ಯಾಟಿನ ರಾಡ್ ಕೊಳ್ಳಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಎಕ್ಸ್‌ಟೆನ್ಶನ್ ಬಾಕ್ಸ್ ಮೇಲೆ ಯಾವ ರಾಡನ್ನೂ ಹಚ್ಚಬೇಡಿ. ಇನ್ವರ್ಟರ್ ಲೈನಿಗೆ ಸೇರಿದ ಸಾಕೆಟ್ ಕೂಡ ಬೇಡ, ಕರೆಂಟ್ ಹೋದ ಕ್ಷಣ ಇಡೀ ಭಾರ ಇನ್ವರ್ಟರ್ ಮೇಲೆ ಬೀಳುತ್ತದೆ. ಪ್ಲಗ್ಗನ್ನೇ ಕತ್ತರಿಸಿ ಬರೀ ತಂತಿಯನ್ನು ಬೆಂಕಿಕಡ್ಡಿ ಒತ್ತಿ ಸಾಕೆಟ್ಟಿಗೆ ತುರುಕುವ ಪದ್ಧತಿ ಇನ್ನೂ ಕೆಲವು ಖೋಲಿಗಳಲ್ಲಿ ಇದೆ. ಅಂಥಲ್ಲಿ ನಿಮ್ಮ ಗೆಳೆಯರು ಯಾರಾದರೂ ಇದ್ದರೆ ಜಗಳ ಮಾಡಿಯಾದರೂ ಬಿಡಿಸಿ.

ಬೋರ್ಡ್ ಸರಿಯಿದೆ ಎಂದಾದರೆ ಪ್ಲಗ್ ನೋಡಿ. ರಾಡ್ ಹತ್ತು ನಿಮಿಷ ಉರಿದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಅದರ ಬೆನ್ನು ಮುಟ್ಟಿ. ಉಗುರುಬೆಚ್ಚಗೆ ಇದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಪಿನ್ನಿನ ಬುಡ ಕಂದಾಗಿದ್ದರೆ ಒಳಗೆ ಸಡಿಲ ಇದೆ. ಸ್ಕ್ರೂ ಇರುವ ಪ್ಲಗ್ ಬಿಚ್ಚಿ ಮೂರೂ ತಂತಿ ಬಿಗಿ ಮಾಡಬಹುದು. ಕೆಂಪು ಅಥವಾ ಕಂದು ಫೇಸ್, ಕಪ್ಪು ಅಥವಾ ನೀಲಿ ನ್ಯೂಟ್ರಲ್, ಹಸಿರು ಅಥವಾ ಹಸಿರು-ಹಳದಿ ಅರ್ಥಿಂಗ್. ಅಚ್ಚಿನ ಪ್ಲಗ್ ಆದರೆ ಕತ್ತರಿಸಿ, ರಾಡಿನ ಆಂಪಿಯರಿಗೆ ಒಪ್ಪುವ ಹೊಸದು ಹಾಕಿಸಿ. ಇನ್ನೊಂದು ಕಡೆ ವೈರ್ ತುಂಡಾಗುವುದು ರಾಡಿನ ಹಿಡಿಕೆಯ ಕುತ್ತಿಗೆಯಲ್ಲಿ, ದಿನವೂ ಅಲ್ಲೇ ಮಡಚಿ ಮೊಳೆಗೆ ನೇತುಹಾಕುವುದರಿಂದ. ಆ ಜಾಗದಲ್ಲಿ ವೈರ್ ಮೆತ್ತಗಾಗಿ ಜೋಲುತ್ತಿದ್ದರೆ ಒಳಗಿನ ಎಳೆಗಳು ಹರಿದಿವೆ ಎಂದೇ ಅರ್ಥ. ಟೇಪ್ ಸುತ್ತಿ ಮುಂದುವರಿಸುವುದು ಬೇಡ, ಬಚ್ಚಲಿನ ಹಬೆಗೆ ಟೇಪ್ ಬಾಳುವುದಿಲ್ಲ.

ಇಷ್ಟೂ ಸರಿಯಿದ್ದರೆ ಆಗ ರಾಡನ್ನು ಅನುಮಾನಿಸಿ. ಮಲ್ಟಿಮೀಟರ್ ಇದ್ದವರು, ಅಥವಾ ಗೆಳೆಯನಿಂದ ಎರವಲು ತರಬಲ್ಲವರು, ಓಮ್ಸ್ ಮೇಲೆ ಇಟ್ಟು ಪ್ಲಗ್ಗಿನ ಕೆಳಗಿನ ಎರಡು ಪಿನ್ನಿಗೆ ಹಚ್ಚಿ. 1000 ವ್ಯಾಟಿನ ರಾಡ್ 53 ಓಮ್ ಹತ್ತಿರ ತೋರಿಸಬೇಕು, 1500ದು 35ರ ಸುಮಾರು, 2000ದು 26ರ ಸುಮಾರು. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ. ಏನೂ ತೋರಿಸದಿದ್ದರೆ ಒಳಗೆ ಬಿಸಿಯಾಗುವ ನೈಕ್ರೋಮ್ ತಂತಿ ಕಡಿದಿದೆ, ಇಲ್ಲವೆ ಆಗಲೇ ಹೇಳಿದ ಕುತ್ತಿಗೆಯಲ್ಲಿ ವೈರ್ ಹೋಗಿದೆ. ವೈರ್ ಬದಲಿಸಬಹುದು. ನೈಕ್ರೋಮ್ ಕಡಿದರೆ ರಿಪೇರಿ ಇಲ್ಲ, ಏಕೆಂದರೆ ರಾಡಿನ ಕೊಳವೆಯೊಳಗೆ, ಕರೆಂಟ್ ಹೊರಗೆ ಬಾರದಂತೆ ತಡೆಯುವ ಮೆಗ್ನೀಷಿಯಮ್ ಆಕ್ಸೈಡ್ ಪುಡಿಯನ್ನು ಗಟ್ಟಿಯಾಗಿ ತುಂಬಿ ಬಾಯಿ ಮುಚ್ಚಿರುತ್ತಾರೆ. ಬಿಚ್ಚಿ ಸೇರಿಸಿ ಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ.

"ಮೊದಲಿನಂಗ ಕಾಯಂಗಿಲ್ಲ, ಭಾಳ ಹೊತ್ತು ಹಿಡೀತದ"

ತಡವಾಗುವುದಕ್ಕೆ ನಮ್ಮ ಕಡೆ ದೊಡ್ಡ ಕಾರಣ ಎರಡು, ವೋಲ್ಟೇಜ್ ಮತ್ತು ನೀರು.

15 ಲೀಟರಿನ ಬಕೆಟ್, ಟಾಕಿಯ ನೀರು 20 ಡಿಗ್ರಿ ಇದೆ, ನಿಮಗೆ 45 ಡಿಗ್ರಿ ಬೇಕು ಎಂದಿಟ್ಟುಕೊಳ್ಳಿ. 1500 ವ್ಯಾಟಿನ ರಾಡಿಗೆ ಪೂರ್ತಿ 230 ವೋಲ್ಟ್ ಸಿಕ್ಕರೆ ಹದಿನೇಳು-ಹದಿನೆಂಟು ನಿಮಿಷದ ಕೆಲಸ. 1000 ವ್ಯಾಟಿನದಕ್ಕೆ ಇಪ್ಪತ್ತಾರು ನಿಮಿಷ. ವೋಲ್ಟೇಜ್ 180ಕ್ಕೆ ಇಳಿಯಿತೋ, ಶಕ್ತಿ ವೋಲ್ಟಿನ ವರ್ಗದ ಲೆಕ್ಕದಲ್ಲಿ ಬೀಳುವುದರಿಂದ, 1500ರ ರಾಡ್ 920 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಅದೇ ಬಕೆಟಿಗೆ ಇಪ್ಪತ್ತೆಂಟು ನಿಮಿಷ ಬೇಕು. ಬೆಳಗ್ಗೆ ಆರರಿಂದ ಎಂಟರವರೆಗೆ ಓಣಿಯ ಎಲ್ಲರೂ ರಾಡ್, ಗೀಸರ್, ಬೋರ್ ಮೋಟರ್ ಹಚ್ಚಿದಾಗ ಊರಂಚಿನ ಬಡಾವಣೆಗಳಲ್ಲಿ ಇದು ಆಗುವಂಥದ್ದೇ. ಪರೀಕ್ಷೆಗೆ ಮಧ್ಯಾಹ್ನ ಅದೇ ಬಕೆಟ್ ಕಾಯಿಸಿ ನೋಡಿ. ಮಧ್ಯಾಹ್ನ ಬೇಗ ಕಾದರೆ ರಾಡಿನ ತಪ್ಪಿಲ್ಲ, ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂನ 1912ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಾಡ್ ಹಚ್ಚಿದ ಕೂಡಲೇ ನಿಮ್ಮ ಮನೆಯ ಬಲ್ಬ್ ಮಂಕಾಗಿ ಪಕ್ಕದ ಬಾಡಿಗೆಯವರ ಬಲ್ಬ್ ಹೆಚ್ಚು ಹೊಳೆದರೆ ಮಾತ್ರ ಕಾಯಬೇಡಿ. ಅದು ನ್ಯೂಟ್ರಲ್ ಸಡಿಲಾದ ಲಕ್ಷಣ, ಟಿವಿ, ಫ್ರಿಜ್ ಸುಟ್ಟುಹೋಗುವ ಅಪಾಯ ಇದೆ. ಮೇನ್ ಆಫ್ ಮಾಡಿ ಆಮೇಲೆ ಫೋನ್ ಮಾಡಿ.

ಇನ್ನು ನೀರು. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ಎಲ್ಲ ಸುಣ್ಣಕಲ್ಲಿನ ನೆಲ. ನಮ್ಮ ಮನೆಗಳ ನೆಲಕ್ಕೆ ಹಾಸುವ ಪರಸಿ ಕಲ್ಲು ಬಂದದ್ದು ಅಲ್ಲಿಂದಲೇ, ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಆ ಕಲ್ಲಿನಿಂದಲೇ. ಅಂಥ ಕಲ್ಲಿನ ನಡುವಿನಿಂದ ಬರುವ ಬೋರ್ ನೀರು ಗಡಸು. ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣ ರಾಡಿಗೆ ಬಿಳಿಯಾಗಿ ಹತ್ತುತ್ತದೆ. ತೆಳುವಾಗಿ ಇದ್ದಾಗಲೇ ತೆಗೆಯಬೇಕು. ಪದರ ದಪ್ಪವಾದಂತೆ ರಾಡಿನ ಬಿಸಿ ನೀರಿಗೆ ಬೇಗ ಇಳಿಯದೆ ಕೊಳವೆಯಲ್ಲೇ ನಿಲ್ಲುತ್ತದೆ, ಕೊಳವೆ ಅತಿಯಾಗಿ ಕಾದು ಎಲ್ಲೋ ಒಂದು ಕೂದಲೆಳೆಯಷ್ಟು ಬಿರಿಯುತ್ತದೆ. ಬಿರುಕಿನಲ್ಲಿ ನೀರು ಒಳಗಿನ ಪುಡಿಗೆ ಸೇರಿತೆಂದರೆ ಶಾಕ್ ಶುರು. ಹಾಗಾಗಿ ಸುಣ್ಣ ತೆಗೆಯುವುದನ್ನು ಬರೀ ಕರೆಂಟ್ ಉಳಿಸುವ ಕೆಲಸ ಎಂದುಕೊಳ್ಳಬೇಡಿ.

ತೆಗೆಯುವುದು ಹೀಗೆ. ರಾಡ್ ಪೂರ್ತಿ ತಣ್ಣಗಾಗಲಿ, ಪ್ಲಗ್ ಕೈಯಲ್ಲಿರಲಿ. ಸುರುಳಿ ಮುಳುಗುವಷ್ಟು ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೆಚ್ಚಗಿನ ನೀರಿಗೆ ಎರಡು-ಮೂರು ಚಮಚ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ. ಕಿರಾಣಿ ಅಂಗಡಿಯಲ್ಲಿ ನಿಂಬೂಸತ್ ಎಂದರೆ ಕೊಡುತ್ತಾರೆ. ಬಿಳಿ ವಿನೆಗರ್ ಆದರೂ ನಡೆದೀತು. ಸುರುಳಿಯನ್ನಷ್ಟೇ ಅದ್ದಿ, ಹಿಡಿಕೆ, ವೈರ್ ಒದ್ದೆಯಾಗಬಾರದು. ಮೊದಲು ಸಣ್ಣ ಗುಳ್ಳೆ ಏಳುತ್ತವೆ. ಒಂದೆರಡು ತಾಸಿಗೆ ಸುಣ್ಣ ಮೆತ್ತಗಾಗಿ ಹಳೆ ಹಲ್ಲುಜ್ಜುವ ಬ್ರಶ್ಶಿಗೆ ಬಿಟ್ಟುಬರುತ್ತದೆ. ಚಾಕು, ಇಟ್ಟಿಗೆ ಪುಡಿ, ಉಕ್ಕಿನ ಜುಂಗು ಬೇಡ, ಮೇಲಿನ ನಿಕಲ್ ಲೇಪ ಹೋಗುತ್ತದೆ. ಸಂಡಾಸಿಗೆ ಹಾಕುವ ಆಸಿಡ್ಡಂತೂ ಬೇಡವೇ ಬೇಡ, ಅದು ತಾಮ್ರವನ್ನೇ ತಿನ್ನುತ್ತದೆ. ಬಾಡಿಗೆ ಮನೆಯವರಿಗೆ ಇನ್ನೊಂದು ಎಚ್ಚರ: ಈ ಹುಳಿನೀರನ್ನು ಪರಸಿ ಮೇಲೆ ಚೆಲ್ಲಬೇಡಿ. ಪರಸಿಯೂ ಸುಣ್ಣಕಲ್ಲೇ ಆದ್ದರಿಂದ ಚೆಲ್ಲಿದ ಕಡೆ ನೊರೆ ಎದ್ದು ಹೊಳಪು ಹೋಗಿ ಬಿಳಿ ಕಲೆ ನಿಲ್ಲುತ್ತದೆ. ಮನೆ ಬಿಡುವಾಗ ಡಿಪಾಜಿಟ್ಟಿನಲ್ಲಿ ಆ ಕಲೆಯ ಮಾತು ಬರುತ್ತದೆ. ಟೈಲ್ಸ್ ಇರುವ ಜಾಗದಲ್ಲಿ ಕೂತು ಮಾಡಿ, ನೀರನ್ನು ನೇರ ಮೋರಿಗೆ ಸುರಿಯಿರಿ.

ಬೋರ್ ನೀರು ಬಳಸುವವರು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡಿದರೆ ರಾಡ್ ಹೆಚ್ಚು ಕಾಲ ಬಾಳುತ್ತದೆ. ನಳದ ನೀರು ಬರುವ ಮನೆಯಾದರೆ ಜಳಕದ ಬಕೆಟಿಗೆ ಅದನ್ನೇ ಹಿಡಿಯಿರಿ, ಬೋರ್ ನೀರಿನಷ್ಟು ಸುಣ್ಣ ಹತ್ತುವುದಿಲ್ಲ.

"ಜುಮ್ ಅಂತದ"

ಈ ಮಾತು ಕೇಳಿದರೆ ನನ್ನ ಮೈ ಬೆವರುತ್ತದೆ. ಹೇಳುವವರು ಮಾತ್ರ ನಗುತ್ತಲೇ ಹೇಳುತ್ತಾರೆ: "ಭಾಳೇನಿಲ್ಲಣ್ಣ, ನೀರು ಮುಟ್ಟಿದ್ರ ಒಂಚೂರು ಜುಮ್ ಅಂತದ." ಒಂಚೂರು ಶಾಕ್ ಎಂಬುದು ಇಲ್ಲ. ಇಂದು ಒಣ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮುಟ್ಟಿದಾಗ ಜುಮ್ ಎಂದದ್ದು ನಾಳೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಪ್ರಾಣ ತೆಗೆಯಬಹುದು. ಆ ರಾಡನ್ನು ಅದೇ ಕ್ಷಣದಿಂದ ಬಳಸಬೇಡಿ. ನೀರು ಮುಟ್ಟದೆ ಕೋಲಿನಿಂದ ಕಲಸಿದರಾಯಿತು, ಪ್ಲಾಸ್ಟಿಕ್ ಬಕೆಟ್ ಇದೆಯಲ್ಲ ಎಂಬ ಉಪಾಯಗಳು ಬೇಡ.

ಶಾಕ್ ಹೊಡೆದಿದೆ ಎಂದರೆ ಎರಡು ಕಡೆ ಕೆಟ್ಟಿದೆ ಎಂದು ತಿಳಿಯಿರಿ. ಒಂದು, ರಾಡಿನೊಳಗಿನ ಫೇಸ್ ಹೊರಗಿನ ಲೋಹಕ್ಕೋ ನೀರಿಗೋ ಬಂದಿದೆ. ಎರಡು, ಬಂದದ್ದನ್ನು ನೆಲಕ್ಕೆ ಒಯ್ಯಬೇಕಾಗಿದ್ದ ಅರ್ಥಿಂಗ್ ಕೆಲಸ ಮಾಡಿಲ್ಲ. ಅರ್ಥಿಂಗ್ ಸರಿ ಇದ್ದಿದ್ದರೆ ಲೀಕಾದ ಕರೆಂಟ್ ಹಸಿರು ತಂತಿಯಲ್ಲಿ ನೆಲಕ್ಕೆ ಹೋಗುತ್ತಿತ್ತು, ಹೆಚ್ಚಾದರೆ ಫ್ಯೂಸ್ ಹಾರುತ್ತಿತ್ತು. ಅರ್ಥಿಂಗ್ ಇಲ್ಲದ ಬೋರ್ಡಿನ ಮೇಲೆ, ಪ್ಲಾಸ್ಟಿಕ್ ಬಕೆಟಿನಲ್ಲಿ, ಆ ಕರೆಂಟಿಗೆ ಹೋಗಲು ದಾರಿಯೇ ಇರುವುದಿಲ್ಲ. ಯಾರೋ ಕೈ ಹಾಕುವವರೆಗೆ ನೀರಿನಲ್ಲೇ ಕಾದಿರುತ್ತದೆ. ಹೊಸ ರಾಡ್ ಕೊಂಡು ಅದೇ ಬೋರ್ಡಿಗೆ ಹಚ್ಚಿದರೆ ಅರ್ಧ ದೋಷ ಮಾತ್ರ ತೆಗೆದಂತಾಯಿತು. ಇಲ್ಲಿಯೇ ಹೆಚ್ಚಿನವರು ನಿಂತುಬಿಡುತ್ತಾರೆ.

ಮೊದಲು ನಿಮ್ಮದೇ ಪ್ಲಗ್ ಬಿಚ್ಚಿ ನೋಡಿ. ನನ್ನ ಬಳಿ ಬಂದ ಒಂದು ರಾಡಿನ ಪ್ಲಗ್ಗಿನಲ್ಲಿ ಹಸಿರು ತಂತಿಯನ್ನು ಗಿಡ್ಡಗೆ ಕತ್ತರಿಸಿ, ತುದಿ ಮಡಚಿ, ನೀಟಾಗಿ ಟೇಪ್ ಸುತ್ತಿ ಒಳಗೇ ಕೂರಿಸಿದ್ದರು. ಬೋರ್ಡಿನಲ್ಲಿ ಎರಡೇ ತೂತು ಕೆಲಸ ಮಾಡುತ್ತಿದ್ದವಂತೆ, ಅದಕ್ಕೆ ಮೂರನೆಯ ತಂತಿ ಯಾಕೆ ಎಂದು ಯಾರೋ ತೆಗೆದದ್ದು. ಹೊರಗಿನಿಂದ ನೋಡಿದರೆ ಮೂರು ಪಿನ್ನಿನ ಚೆಂದದ ಪ್ಲಗ್. ಬಳಸುತ್ತಿದ್ದವರು ಬಾಣಂತಿ ಇದ್ದ ಮನೆಯವರು. ಆ ಟೇಪನ್ನು ಬಿಚ್ಚುವಾಗ ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಬೋರ್ಡಿನ ಅರ್ಥಿಂಗ್ ಪರೀಕ್ಷೆಯನ್ನು ವೈರ್‌ಮನ್ ಟೆಸ್ಟ್ ಲ್ಯಾಂಪಿನಿಂದ ಮಾಡುತ್ತಾನೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಬಲ್ಬ್ ಎಷ್ಟು ಉರಿಯುತ್ತದೋ ಫೇಸ್ ಮತ್ತು ಅರ್ಥಿಂಗ್ ನಡುವೆಯೂ ಅಷ್ಟೇ ಉರಿಯಬೇಕು. ಮಂಕಾಗಿ ಉರಿದರೆ ಅರ್ಥಿಂಗ್ ಸೋತಿದೆ, ಉರಿಯದಿದ್ದರೆ ಇಲ್ಲವೇ ಇಲ್ಲ. ಇದನ್ನು ನೀವೇ ಮಾಡಬೇಡಿ ಎನ್ನುವುದಕ್ಕೆ ಕಾರಣ ಇದೆ. ಅರ್ಥಿಂಗ್ ಕೆಟ್ಟಿದ್ದರೆ ಪರೀಕ್ಷೆ ನಡೆಯುವ ಆ ಹೊತ್ತಿನಲ್ಲಿ ಫ್ರಿಜ್, ಕೂಲರ್ ಹೀಗೆ ಅದೇ ಹಸಿರು ತಂತಿಗೆ ಸೇರಿದ ಎಲ್ಲದರ ಮೈಗೂ ಕರೆಂಟ್ ಏರುತ್ತದೆ. ಗೊತ್ತಿರುವವನು ಮೊದಲು ಅವನ್ನೆಲ್ಲ ಕಿತ್ತಿಟ್ಟು, ಮನೆಯವರನ್ನು ದೂರ ನಿಲ್ಲಿಸಿ ಬಲ್ಬ್ ಹಚ್ಚುತ್ತಾನೆ. ಇನ್ನೊಂದು ಮೋಸವನ್ನೂ ಅವನಿಂದಲೇ ನೋಡಿಸಿ. ಸಾಕೆಟ್ಟಿನ ಹಿಂದೆ ನ್ಯೂಟ್ರಲ್ ಪಿನ್ನಿನಿಂದ ಅರ್ಥಿಂಗ್ ಪಿನ್ನಿಗೆ ಗಿಡ್ಡ ತಂತಿ ಎಳೆದು "ಅರ್ಥಿಂಗ್ ಕೊಟ್ಟೀವಿ" ಅನ್ನುವ ಪದ್ಧತಿ ಇದೆ. ಬಲ್ಬ್ ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ. ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಿಯಾದರೂ ಕಡಿದ ದಿನ ರಾಡ್, ಫ್ರಿಜ್ ಎಲ್ಲದರ ಲೋಹಕ್ಕೂ ಪೂರ್ತಿ ವೋಲ್ಟೇಜ್ ಬರುತ್ತದೆ. ಮೇನ್ ಆಫ್ ಮಾಡಿ ಪ್ಲೇಟ್ ತೆಗೆದು ಕಣ್ಣಲ್ಲೇ ನೋಡಬೇಕು, ಬೇರೆ ದಾರಿ ಇಲ್ಲ.

ಅರ್ಥಿಂಗ್ ಗುಂಡಿ ಇದ್ದೂ ಕೆಲಸ ಮಾಡದ ಮನೆಗಳೂ ಇವೆ. ನಮ್ಮ ಎರೆಮಣ್ಣು ಹಸಿ ಇದ್ದಾಗ ಅರ್ಥಿಂಗಿಗೆ ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಅದು ಒಣಗಿ ಬಿರಿಯುತ್ತದೆ, ಪೈಪಿನ ಸುತ್ತ ಸಂದು ಬಿದ್ದು ಮಣ್ಣಿನ ಹಿಡಿತ ತಪ್ಪುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲದೆ ಬೇಗ ಇಂಗುವುದರಿಂದ ಅಲ್ಲೂ ಗುಂಡಿಯನ್ನು ಆಗಾಗ ನೋಡಿಕೊಳ್ಳಬೇಕು. ಅಂಗಳದಲ್ಲಿ ಗುಂಡಿ ಎಲ್ಲಿದೆ ಎಂದು ಮಾಲಕರನ್ನು ಕೇಳಿ ವಾರಕ್ಕೆ ಎರಡು ಕೊಡ ನೀರು ಸುರಿಯುವುದು ಬಾಡಿಗೆಯವರೂ ಮಾಡಬಹುದಾದ ಕೆಲಸ.

ಇದರ ಮೇಲೆ ಒಂದು ಆರ್‌ಸಿಸಿಬಿ ಇರಲೇಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. 30 ಮಿಲಿ ಆಂಪಿಯರಿನದು. ಹೋದ ಕರೆಂಟ್ ವಾಪಸ್ ಬರದೆ ಅಷ್ಟು ಎಲ್ಲಿಯೋ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಸೋರಿಕೆ ನಿಮ್ಮ ಮೈಯ ಮೂಲಕ ಆದರೂ ಕಡಿಯುತ್ತದೆ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ, ಒತ್ತಿದ ತಕ್ಷಣ ಕೆಳಗೆ ಬೀಳಬೇಕು. ಭಾರ ಹೆಚ್ಚಾದಾಗ, ಶಾರ್ಟ್ ಆದಾಗ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿ ಮಾತ್ರ ಇದ್ದರೆ ಈ ರಕ್ಷಣೆ ಸಿಗುವುದಿಲ್ಲ.

"ಹಚ್ಚಿದ್ರ ಹಾರ್ತದ"

ಯಾವುದು ಹಾರಿತು, ಎಷ್ಟು ಹೊತ್ತಿಗೆ ಹಾರಿತು ನೋಡಿಕೊಳ್ಳಿ. ಸ್ವಿಚ್ ಹಾಕಿದ ಕೂಡಲೇ ಎಂಸಿಬಿ ಬಿದ್ದರೆ ಪ್ಲಗ್ಗಿನಲ್ಲೋ ರಾಡಿನಲ್ಲೋ ಶಾರ್ಟ್ ಆಗಿದೆ. ಹತ್ತು-ಹದಿನೈದು ನಿಮಿಷದ ಮೇಲೆ ಬಿದ್ದರೆ ಭಾರ ಹೆಚ್ಚಾಗಿದೆ, ಇಲ್ಲವೆ ಎಂಸಿಬಿಯ ಸ್ಕ್ರೂ ಸಡಿಲಾಗಿ ಅದೇ ಕಾಯುತ್ತಿದೆ. ಒಂದೇ ಲೈನಿನಲ್ಲಿ ಮಾಳಿಗೆಯ ಎರಡು ಖೋಲಿ ಇದ್ದರೆ 1500ರ ಎರಡು ರಾಡ್ ಸೇರಿ 13 ಆಂಪಿಯರ್ ಎಳೆಯುತ್ತವೆ, ಅದೇ ಹೊತ್ತಿಗೆ ಮಾಲಕರು ಬೋರ್ ಮೋಟರ್ ಹಚ್ಚಿದರೆ ಎಂಸಿಬಿ ಬೀಳದೇ ಏನು ಮಾಡೀತು? ಒಬ್ಬರು ಆರಕ್ಕೆ, ಇನ್ನೊಬ್ಬರು ಆರೂವರೆಗೆ ಎಂದು ಮಾತಾಡಿಕೊಳ್ಳಿ. ಹಳೆಯ ಕಿಟ್‌ಕ್ಯಾಟ್ ಫ್ಯೂಸ್ ಇರುವ ಮನೆಯಲ್ಲಿ ಪದೇಪದೇ ಹಾರುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತಬೇಡಿ. ಆಗ ಫ್ಯೂಸಿನ ಬದಲು ಗೋಡೆಯೊಳಗಿನ ತಂತಿ ಉರಿಯುತ್ತದೆ. ಬಿದ್ದದ್ದು ಆರ್‌ಸಿಸಿಬಿ ಆದರೆ ಅದು ಸೋರಿಕೆಯ ಮಾತು, ಹಿಂದೆ ಹೇಳಿದ್ದೇ.

ಮಾಲಕರ ಹತ್ತಿರ ಮಾತು

ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ರಿಪೇರಿಯ ಹಂಚಿಕೆ ಬರೆದಿದ್ದಾರೆ. ಮನೆಯ ಒಳಗಿನ, ಹೊರಗಿನ ವೈರಿಂಗ್ ಮಾಲಕರದು, ಸ್ವಿಚ್ ಸಾಕೆಟ್ ರಿಪೇರಿ ಬಾಡಿಗೆದಾರರದು. ಅದು ಮಾದರಿ ಅಷ್ಟೆ, ರಾಜ್ಯಗಳು ತಮ್ಮ ಕಾನೂನಿನಲ್ಲಿ ತಂದುಕೊಂಡರೆ ಮಾತ್ರ ಜಾರಿ. ಆದರೂ ಮಾತಿಗೆ ಕೂತಾಗ ಈ ಹಂಚಿಕೆ ನ್ಯಾಯವಾಗಿಯೇ ಇದೆ: ಸುಟ್ಟ ಸಾಕೆಟ್ ನೀವು ಬದಲಿಸಿ, ಅರ್ಥಿಂಗ್ ಮತ್ತು ತಂತಿ ಅವರು ಮಾಡಿಸಲಿ. ಒಬ್ಬ ನರ್ಸಮ್ಮ ತಮ್ಮ ಮಾಲಕರ ಜೊತೆ ಮಾತಾಡಿದ್ದು ನನ್ನ ಮುಂದೆಯೇ:

"ಕಾಕಾ, ರಾಡ್ ಅಂಗಡ್ಯಾಗ ತೋರಿಸಿನ್ರಿ, ಸರಿ ಅದ ಅಂದ್ರು. ಬೋರ್ಡಿಗಿ ಅರ್ಥಿಂಗ್ ಇಲ್ರಿ."

"ಮೊದಲಿದ್ದೋರು ಭಾಳ ವರ್ಷ ಇದ್ರು, ಒಮ್ಮಿನೂ ಏನೂ ಅಂದಿಲ್ಲವಾ."

"ಅವರು ಗ್ಯಾಸಿನ ಮ್ಯಾಲ ನೀರು ಕಾಸ್ತಿದ್ರಂತ್ರಿ. ಅಣ್ಣ ಬಂದಾನ, ನಿಮ್ಮ ಮುಂದೇ ಬಲ್ಬ್ ಹಚ್ಚಿ ತೋರಿಸ್ತಾನ. ನೀವು ನಿಂತು ನೋಡ್ರಿ, ಆಮ್ಯಾಲ ನೀವು ಹೇಳಿದಂಗ."

ಬಲ್ಬ್ ಉರಿಯದ್ದನ್ನು ಕಣ್ಣಾರೆ ನೋಡಿದ ಮೇಲೆ ಕಾಕಾ ವಾದ ಮಾಡಲಿಲ್ಲ. ಸಾಮಾನು ತಾವು ತರಿಸಿದರು, ಕೂಲಿಯನ್ನು ಆ ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳಲು ಒಪ್ಪಿದರು. ಹಾಗೆ ಒಪ್ಪಿದ್ದನ್ನು ಮೊಬೈಲಿನಲ್ಲಿ ಒಂದು ಮೆಸೇಜ್ ಹಾಕಿಸಿಕೊಳ್ಳಿ. ಗೃಹಜ್ಯೋತಿ ಇರುವ ಮನೆಗಳಲ್ಲಿ ಮಾಲಕರು ರಾಡ್ ಬೇಡ ಎನ್ನುವುದು ಯೂನಿಟ್ ಹೆದರಿಕೆಗೆ. ಒಂದು ಬಕೆಟಿಗೆ ಅರ್ಧ ಯೂನಿಟ್ ಒಳಗೇ ಆಗುತ್ತದೆ, ನಾಲ್ಕು ಜನರ ಮನೆಗೆ ತಿಂಗಳಿಗೆ ಐವತ್ತು-ಅರವತ್ತು ಯೂನಿಟ್. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ, ಮೀಟರ್ ಹಂಚಿಕೊಂಡವರು ಈ ಲೆಕ್ಕವನ್ನು ಮೊದಲೇ ಕೂತು ಮಾಡಿಕೊಳ್ಳುವುದು ಒಳ್ಳೆಯದು.

ಹೊಸ ರಾಡೇ ಕೊಳ್ಳಬೇಕಾಗಿ ಬಂದರೆ ಐಎಸ್‌ಐ ಗುರುತು ಮತ್ತು ಅದರ ಜೊತೆ ಐಎಸ್ 368 ಎಂಬ ಸಂಖ್ಯೆ ಇದೆಯೇ ನೋಡಿ. ನೀರಿನ ಮಟ್ಟದ ಗೆರೆಗಳು ರಾಡಿನ ಮೇಲೆ ಇರಬೇಕು. ಕೆಳಗಿನ ಗೆರೆಗಿಂತ ನೀರು ಕಡಿಮೆ ಇದ್ದರೆ ಹಚ್ಚಬಾರದು, ಮೇಲಿನ ಗೆರೆ ದಾಟಿ ಮುಳುಗಿಸಬಾರದು. ಸುರುಳಿ ಬಕೆಟಿನ ಗೋಡೆಗೂ ತಳಕ್ಕೂ ತಾಗದಂತೆ, ಬಕೆಟಿಗೆ ಅಡ್ಡ ಇಟ್ಟ ಒಣ ಕಟ್ಟಿಗೆಗೆ ಕೊಕ್ಕೆ ಹಾಕಿ. ನೀರು ಕಾದ ಮೇಲೆ ಪ್ಲಗ್ ಕಿತ್ತು, ರಾಡನ್ನು ಒಂದೆರಡು ನಿಮಿಷ ನೀರಿನಲ್ಲೇ ಬಿಟ್ಟು ತೆಗೆಯಿರಿ. ಕೆಂಡದ ಬಿಸಿಯಲ್ಲಿ ಗಾಳಿಗೆ ಎಳೆದರೆ ಕೊಳವೆ ಬೇಗ ಹಾಳಾಗುತ್ತದೆ.

ಶಿವರಾತ್ರಿಗೆ ಚಳಿ ಹೋದ ಮೇಲೆ ಸುಣ್ಣ ತೆಗೆದು, ಬಿಸಿಲಿಗೆ ಒಣಗಿಸಿ, ವೈರನ್ನು ಸಡಿಲವಾಗಿ ಸುತ್ತಿ ಒಣ ಜಾಗದಲ್ಲಿ ಇಡಿ. ಬಚ್ಚಲಿನ ಮೊಳೆಗೆ ಮಳೆಗಾಲವೆಲ್ಲ ತೂಗಿದರೆ ಒಳಗಿನ ಪುಡಿ ತೇವ ಹೀರಿಕೊಂಡು ಮುಂದಿನ ನವೆಂಬರಿನಲ್ಲಿ ಮೊದಲ ದಿನವೇ ಆರ್‌ಸಿಸಿಬಿ ಬೀಳಿಸುತ್ತದೆ. ಶಾಕ್ ಕೊಟ್ಟ ರಾಡನ್ನು ಗುಜರಿಯವರಿಗೆ ಹಾಕುವ ಮುನ್ನ ವೈರನ್ನು ಹಿಡಿಕೆಯ ಬುಡದಲ್ಲಿ ಕತ್ತರಿಸಿಬಿಡಿ. ಇಲ್ಲದಿದ್ದರೆ ಅದು ಸಂತೆಯಲ್ಲಿ ಕಡಿಮೆ ಬೆಲೆಗೆ ಇನ್ನೊಂದು ಖೋಲಿಗೆ ಹೋಗುತ್ತದೆ.